ಅಪ್‌ಡೇಟ್: ಅಮ್ಮನ ಮಂಡಿನೋವು ಮತ್ತು ಕಪಡೋಕಿಯದ ಗುಹೆಗಳು

ಟರ್ಕಿಯ ಬಸ್ ಪ್ರವಾಸಕ್ಕೆ ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಹೋಗಬಹುದೇ, ಕಪಡೋಕಿಯದ ಗುಹೆಗಳಲ್ಲಿ ಅವರಿಗೆ ಕಷ್ಟವಾಗುವುದೇ ಎಂದು ಕೇಳಿದ್ದೆ. ಹೋಗಿ ಬಂದೆವು. ಧಾರಾಳವಾಗಿ ಹೋಗಬಹುದು, ಡೆರಿನ್‌ಕುಯು ಒಂದನ್ನು ಬಿಟ್ಟು.

ಅದು ನೆಲದಡಿಯ ಊರು. ಸುಮಾರು 85 ಮೀಟರ್ ಆಳ ಎನ್ನುತ್ತಾರೆ, ಪ್ರವಾಸಿಗರಿಗೆ ತೆರೆದಿರುವುದು ಒಂದು ಭಾಗ ಮಾತ್ರ. ಕೆಲವು ಕಡೆ ನಡು ಬಗ್ಗಿಸಿಯೇ ಮೆಟ್ಟಿಲಿಳಿಯಬೇಕು, ಎದುರಿನಿಂದ ಯಾರಾದರೂ ಬಂದರೆ ಸರಿಯಲು ಜಾಗವಿಲ್ಲ. ಅಮ್ಮ ಮೇಲೆಯೇ ಚಹಾ ಕುಡಿಯುತ್ತಾ ಕುಳಿತರು. ನಾನು ಕಂಡದ್ದರಲ್ಲಿ ಮರೆಯಲಾಗದ್ದು ಅಲ್ಲಿನ ಬಾಗಿಲು: ಬೀಸುವ ಕಲ್ಲಿನಂತಹ ದುಂಡನೆಯ ಬಂಡೆ, ನಡುವೆ ತೂತು. ಶತ್ರುಗಳು ಬಂದಾಗ ಒಳಗಿನವರು ಅದನ್ನು ಉರುಳಿಸಿ ದಾರಿ ಮುಚ್ಚುತ್ತಿದ್ದರು. ಹೊರಗಿನವರಿಗೆ ಅದನ್ನು ಸರಿಸುವುದು ಸುಲಭವಲ್ಲ.

ಗೊರೆಮೆಯ ಬಯಲು ವಸ್ತುಸಂಗ್ರಹಾಲಯದಲ್ಲಿ ಏರಿಳಿತವಿದ್ದರೂ ಅಮ್ಮ ಕೋಲು ಹಿಡಿದು ನಿಧಾನವಾಗಿ ಸುತ್ತಿದರು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಕಲ್ಲನ್ನು ಕೊರೆದು ಮಾಡಿದ ಚರ್ಚುಗಳು ಅಲ್ಲಿವೆ. ‘ಕತ್ತಲೆ ಚರ್ಚ್’ಗೆ ಪ್ರತ್ಯೇಕ ಟಿಕೆಟ್, ಆದರೂ ತಪ್ಪಿಸಬೇಡಿ. ಬೆಳಕು ಹೆಚ್ಚು ಬೀಳದ ಕಾರಣ ಭಿತ್ತಿಚಿತ್ರಗಳ ಬಣ್ಣ ಚೆನ್ನಾಗಿ ಉಳಿದಿದೆ.

ಸಸ್ಯಾಹಾರದ ಬಗ್ಗೆ ಎಚ್ಚರಿಸಿದವರಿಗೆ ಧನ್ಯವಾದ. ಬೇಳೆ ಸೂಪು ಎಲ್ಲೆಡೆ ಸಿಗುತ್ತದೆ, ಮಾಂಸ ಬೇಯಿಸಿದ ನೀರು ಬೆರೆಸಿದ್ದಾರೆಯೇ ಎಂದು ವಿಚಾರಿಸಿಕೊಳ್ಳಿ. ಆಲೂಗಡ್ಡೆ ತುಂಬಿದ ಗೋಜ್ಲೆಮೆ ರೊಟ್ಟಿಯೇ ನಮ್ಮನ್ನು ಕಾಪಾಡಿತು. ನನಗೆ ರೇಗಿದ್ದು ಒಂದಕ್ಕೇ: ಗುಹೆಗಳಿಗಿಂತ ರತ್ನಗಂಬಳಿ ಅಂಗಡಿಯ ಮುಂದೆ ಬಸ್ ಹೆಚ್ಚು ಹೊತ್ತು ನಿಂತಿತು. ಬುಕ್ ಮಾಡುವ ಮುನ್ನ ಇಂತಹ ನಿಲುಗಡೆಗಳು ಎಷ್ಟಿವೆ ಎಂದು ಕೇಳಿಬಿಡಿ.