ಕುದುರೆಮುಖದ ಫೋಟೋಗಳು ಸಪ್ಪೆ ಬಂದಿವೆ, ಎಡಿಟ್ ಮಾಡಿದವರು ಅನುಭವ ಹೇಳಿ

ಸಂಸೆದಾರಿ:
ಜುಲೈನಲ್ಲಿ ಕುದುರೆಮುಖ ಹತ್ತಿದ್ದೆವು. ಕಣ್ಣಾರೆ ನೋಡುವಾಗ ಮೈ ಜುಮ್ ಅಂದಿತ್ತು. ಫೋಟೋದಲ್ಲಿ ಆಕಾಶ ಬೂದಿ, ಗುಡ್ಡ ಪೇಲವ. ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದರೆ ಹುಲ್ಲು ಪ್ಲಾಸ್ಟಿಕ್ ಹಸಿರಾಗುತ್ತದೆ. ರಾ ಫೈಲ್‌ಗಳಿವೆ (ಕ್ಯಾಮೆರಾ ಹಿಡಿದ ಮಾಹಿತಿಯೆಲ್ಲ ಹಾಗೇ ಇರುವ ಫೈಲ್), 24 ಮೆಗಾಪಿಕ್ಸೆಲ್. ಲ್ಯಾಪ್‌ಟಾಪ್ 8 ಜಿಬಿ. ಒಂದನ್ನು 20×30 ಇಂಚಿಗೆ ಪ್ರಿಂಟ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕುವ ಆಸೆ. ಯಾವ ಸಾಫ್ಟ್‌ವೇರ್, ಎಲ್ಲಿಂದ ಶುರು ಮಾಡಲಿ?

ಚಂದಾಮುಕ್ತ:
ತಿಂಗಳ ಚಂದಾ ಕಟ್ಟಿ ಕಟ್ಟಿ ಸಾಕಾಗಿ ಡಾರ್ಕ್‌ಟೇಬಲ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಬಂದವನು ನಾನು. ಸಾಫ್ಟ್‌ವೇರ್‌ಗೆ ನಯಾಪೈಸೆ ಇಲ್ಲ. ಹಾಗಂತ ಪುಕ್ಕಟೆ ಆಗಲಿಲ್ಲ. ನನ್ನದೂ 8 ಜಿಬಿನೇ ಇತ್ತು. ಬೆಳಕು-ನೆರಳು ಹೊಂದಿಸೋ ಟೋನ್ ಈಕ್ವಲೈಜರ್ ಎಳೆದು ಚಹಾ ಕುಡಿದು ಬಂದರೂ ಗಿರಗಿರ ತಿರುಗುತ್ತಲೇ ಇರುತ್ತಿತ್ತು. ಇನ್ನೊಂದು 8 ಜಿಬಿ ರ್‍ಯಾಮ್‌ಗೆ 1,900, ಎಸ್‌ಎಸ್‌ಡಿಗೆ 3,400, ಹಾಕಿಕೊಟ್ಟವನಿಗೆ 300. ಪುಣ್ಯಾತ್ಮ ಒಂದು ಸ್ಕ್ರೂ ಕಡಿಮೆ ಹಾಕಿದ್ದಾನೆ, ಮೂಲೆ ಈಗಲೂ ಎದ್ದು ನಿಂತಿದೆ.
ಎಲ್ಲರೂ ಡಿಹೇಜ್ ಡಿಹೇಜ್ (ಮಸುಕು ತೆಗೆಯೋ ಸೌಲಭ್ಯ) ಅಂತಾರೆ. ಇಡೀ ಚಿತ್ರಕ್ಕೆ ಹಾಕಿದರೆ ಆಕಾಶ ಹೊಲಸಾಗುತ್ತದೆ, ಗ್ರೇನ್ (ಮರಳಿನಂಥ ಚುಕ್ಕೆಗಳು) ಎದ್ದು ಕಾಣುತ್ತದೆ. ನಾನು ಮಾಸ್ಕ್ ಹಾಕಿ (ಬೇಕಾದ ಭಾಗವನ್ನಷ್ಟೇ ಆರಿಸಿ) ಹತ್ತಿರದ ಗುಡ್ಡಕ್ಕೆ ಮಾತ್ರ ಕೊಡುತ್ತೇನೆ. ಹಿಂದಿನ ಸಾಲುಗಳ ಮಂಜು ಮುಟ್ಟಲ್ಲ. ಘಟ್ಟದ ಚಿತ್ರಕ್ಕೆ ಆಳ ಬರೋದೇ ಆ ಮಂಜಿಂದ.

ಗಾಜುಗಾರ:
ಆಕಾಶವನ್ನು ಮನೆಗೆ ಬಂದು ರಿಪೇರಿ ಮಾಡೋದಲ್ಲ, ಅಲ್ಲೇ ಹಿಡಿಯಬೇಕು. ನನ್ನದು 100 ಎಂಎಂ ಗಾಜಿನ ಗ್ರ್ಯಾಜುಯೇಟೆಡ್ ಎನ್‌ಡಿ (ಮೇಲರ್ಧ ಕಪ್ಪಾಗಿದ್ದು ಆಕಾಶದ ಬೆಳಕು ತಗ್ಗಿಸುವ ಫಿಲ್ಟರ್), 3 ಸ್ಟಾಪ್ ಅಂದರೆ ಬೆಳಕು ಎಂಟನೇ ಒಂದಕ್ಕೆ ಇಳಿಸುವಂಥದ್ದು, 9,800. ಹೋಲ್ಡರ್ 6,500. ಅಡಾಪ್ಟರ್ ರಿಂಗ್ ಬೇರೆ, 1,200. ಅದಕ್ಕೂ ಮೊದಲು 1,400ಕ್ಕೆ ರೆಸಿನ್ (ಪ್ಲಾಸ್ಟಿಕ್) ಫಿಲ್ಟರ್ ತಗೊಂಡಿದ್ದೆ. ಮೋಡಕ್ಕೆಲ್ಲ ನೇರಳೆ ಛಾಯೆ! ಗಾಜಿನದ್ದು ಬಂದ ಮೇಲೆ ಮುಳ್ಳಯ್ಯನಗಿರಿಯ ಗಾಳಿಗೆ ಟ್ರೈಪಾಡ್ ಉರುಳಿ ಚೂರುಚೂರು. ಮತ್ತೆ 9,800. ಮಳೆಗಾಲದಲ್ಲಿ ಫಿಲ್ಟರ್ ಒರೆಸೋದೇ ಒಂದು ಉದ್ಯೋಗ. ಆದರೂ ನನ್ನ ಆಕಾಶ ನನ್ನದೇ, ಯಾರೂ ಬೆರಳು ತೋರಿಸುವ ಹಾಗಿಲ್ಲ.

ಚಂದಾಮುಕ್ತ:
ಸರ್, ನೇರ ಗೆರೆ ಇರೋ ಸಮುದ್ರಕ್ಕೆ ಅದು ಸರಿ. ಘಟ್ಟದಲ್ಲಿ ದಿಗಂತವೇ ಏರಿಳಿತ. ಗುಡ್ಡದ ನೆತ್ತಿಯೂ ಕಪ್ಪಾಗಲ್ವಾ? ಆಕಾಶಕ್ಕೊಂದು, ನೆಲಕ್ಕೊಂದು ಅಂತ ಎರಡು ಎಕ್ಸ್‌ಪೋಶರ್ ತೆಗೆದು ಸೇರಿಸಿದ್ದರೆ 17,500 ಉಳಿಯುತ್ತಿತ್ತು.

ಗಾಜುಗಾರ:
ನೆತ್ತಿ ಕಪ್ಪಾದರೆ ರಾ ಫೈಲ್‌ನಿಂದ ಎತ್ತಬಹುದು. ಬಿಳಿಚಿಹೋದ ಮೋಡವನ್ನು ಎಲ್ಲಿಂದ ತರುತ್ತೀರಿ? ಎರಡು ಸೇರಿಸಿ ನೋಡಿ, ಗಾಳಿಗೆ ಅಲುಗಿದ ಒಂದು ಹುಲ್ಲು ಎರಡಾಗಿರುತ್ತದೆ. ಮತ್ತೆ ಲೆಕ್ಕ ಸರಿ ಮಾಡಿ. ಎರಡನೇ ಗಾಜೂ ಸೇರಿ 27,300.

ತುಂಗೆತೀರ:
ಮೋಡ ಎಲ್ಲಿಂದ ತರೋದು ಅಂದ್ರಾ? ಫೋಟೋಶಾಪ್‌ನಲ್ಲಿ 2020ರಿಂದಲೇ ಆಕಾಶ ಬದಲಿಸುವ ಸೌಲಭ್ಯ ಇದೆ. ನಾನು ಬಳಸುತ್ತೇನೆ, ಮುಚ್ಚಿಡಲ್ಲ. ಹಂಪಿಯ ಮಾತಂಗ ಬೆಟ್ಟದಿಂದ ತೆಗೆದ ಚಿತ್ರಕ್ಕೆ ಕೆಂಪು ಆಕಾಶ ಹಾಕಿದ್ದೆ. ಒಂದು ಲಾಡ್ಜಿನವರು ಕ್ಯಾಲೆಂಡರ್‌ಗೆ 6,000 ಕೊಟ್ಟರು, ಅದರಲ್ಲಿ 1,500 ಇನ್ನೂ ಬಾಕಿ. ಆಗ ನನಗೆ ಬೈದವರೆಲ್ಲ ಇಲ್ಲೇ ಇದ್ದೀರಿ ಅಂತ ಗೊತ್ತು. ಬೇಕಿದ್ದು ಚಂದದ ಚಿತ್ರ. ಪಂಚಾಂಗ ಅಲ್ಲ.

ಹೊಸಪೇಟೆಯವ:
ಮೇಡಂ, ಬೈದವರಲ್ಲಿ ನಾನೂ ಒಬ್ಬ. ಮಾತಂಗದ ಸೂರ್ಯೋದಯ ಅಂತ ಹೆಸರು ಕೊಟ್ಟು ವಿರೂಪಾಕ್ಷ ಗೋಪುರದ ಹಿಂದೆ ಸೂರ್ಯನನ್ನು ಇಟ್ಟಿದ್ದಿರಿ. ಮಾತಂಗದಿಂದ ಗೋಪುರ ಇರೋದು ಪಡುವಣಕ್ಕೆ. ಬಂಡೆಗಳ ನೆರಳು ನೋಡಿ. ಸೂರ್ಯ ಎದುರಿಗಿದ್ದರೆ ಅದು ಕ್ಯಾಮೆರಾ ಕಡೆ ಬೀಳಬೇಕು. ನಿಮ್ಮದರಲ್ಲಿ ಗೋಪುರದ ಕಡೆ ಓಡುತ್ತಿದೆ.

ತುಂಗೆತೀರ:
ಕ್ಯಾಲೆಂಡರ್ ನೋಡಿದವರು ಯಾರೂ ನೆರಳು ಅಳೆಯಲಿಲ್ಲ ಸರ್. ನಿಮಗೆ ಬಿಡುವು ಜಾಸ್ತಿ.

ಕೆಂಪುದೀಪ:
ಮಕ್ಕಳೇ, ಇದೆಲ್ಲ ಹೊಸದಲ್ಲ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್‌ನಲ್ಲಿ ತೆಗೆದ ಚಂದ್ರೋದಯದ ಚಿತ್ರ ಗೊತ್ತಲ್ವಾ? ಹಳೆಯ ಪ್ರಿಂಟ್‌ಗಳ ಆಕಾಶದಲ್ಲಿ ತೆಳು ಮೋಡ ಕಾಣುತ್ತದೆ. ಆಮೇಲಿನವುಗಳಲ್ಲಿ ಕಡುಕಪ್ಪು. 1948ರಲ್ಲಿ ನೆಗೆಟಿವ್‌ನ ಕೆಳಭಾಗವನ್ನೇ ರಾಸಾಯನಿಕದಲ್ಲಿ ಗಾಢ ಮಾಡಿದರು. ಆದರೆ ಚಂದ್ರ ಅಲ್ಲೇ ಇದ್ದ, ತಂದು ಅಂಟಿಸಿರಲಿಲ್ಲ.
ನಾವು ಊಟಿಯ 'ಇಂದು' ಬ್ರ್ಯಾಂಡಿನ ಫೋಟೋ ಪೇಪರ್‌ನಲ್ಲಿ ಕಲಿತವರು. ನೆಗೆಟಿವ್ ಅನ್ನು ಪೇಪರ್ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಕೆಳಗೆ ಅಂಗೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಮೋಡಕ್ಕಷ್ಟೇ ಇನ್ನೂ 10 ಸೆಕೆಂಡ್ ಬೆಳಕು ಕೊಡೋದು. ಅದೇ ಬರ್ನಿಂಗ್. ಕೈ ಅಲ್ಲಾಡಿಸದೆ ಇದ್ದರೆ ಅಂಚು ಗೆರೆ ಹೊಡೆದ ಹಾಗೆ ಬರುತ್ತಿತ್ತು. ಈಗಿನ ಎಚ್‌ಡಿಆರ್ (ಹಲವು ಎಕ್ಸ್‌ಪೋಶರ್ ಸೇರಿಸಿದ) ಚಿತ್ರಗಳಲ್ಲಿ ಗುಡ್ಡದ ಸುತ್ತ ಪ್ರಭಾವಳಿ ಇರುತ್ತಲ್ಲ, ದೇವರ ಪಟದ ಹಾಗೆ, ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಚಂದಾಮುಕ್ತ:
ಹಿರಿಯರೇ, ಪ್ರಭಾವಳಿ ಎಚ್‌ಡಿಆರ್‌ನಿಂದಲೇ ಬರಬೇಕಿಲ್ಲ. ಅಂಚುಗಳನ್ನು ಎದ್ದು ಕಾಣಿಸೋ ಕ್ಲ್ಯಾರಿಟಿ ಅತಿಯಾದರೂ ಬರುತ್ತದೆ. ಎಚ್‌ಡಿಆರ್ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ.

ಕೆಂಪುದೀಪ:
ಗೂಬೆ ಕೂರಿಸಿಲ್ಲಪ್ಪ, ಅದು ತಾನೇ ಬಂದು ಕೂತಿದೆ.

ಅಚ್ಚಿನಮನೆ:
ಯಾರೂ ಪ್ರಿಂಟ್ ಬಗ್ಗೆ ಮಾತಾಡಲಿಲ್ಲ. ನನ್ನ ಆಗುಂಬೆ ಸೂರ್ಯಾಸ್ತ ಸ್ಕ್ರೀನಿನಲ್ಲಿ ಭರ್ಜರಿಯಾಗಿತ್ತು. ಕ್ಯಾನ್ವಾಸ್‌ಗೆ 4,200, ಫ್ರೇಮಿಗೆ 2,800 ಕೊಟ್ಟೆ. ಬಂದಿದ್ದು ಕಾಡೆಲ್ಲ ಇದ್ದಿಲು. ಲ್ಯಾಬಿನವರು "ಫೈಲ್ ಹಾಗೇ ಇದೆ" ಅಂತ ಕೈ ತೊಳೆದುಕೊಂಡರು. ಹಣ ವಾಪಸ್ ಇಲ್ಲ. ಕೊನೆಗೆ ಸ್ಕ್ರೀನಿನ ಬಣ್ಣ, ಬೆಳಕು ಅಳೆದು ಸರಿಮಾಡೋ ಕ್ಯಾಲಿಬ್ರೇಟರ್ ತಗೊಂಡೆ, 16,500. ಸ್ಕ್ರೀನ್ ಬೆಳಕು ಚದರ ಮೀಟರಿಗೆ 100 ಕ್ಯಾಂಡೆಲಾ ಹತ್ತಿರ ಇಳಿಸಿದ ಮೇಲೆ ಪ್ರಿಂಟಿಗೂ ಸ್ಕ್ರೀನಿಗೂ ಹೊಂದಿಕೆ ಬಂತು. ನಾಟಕೀಯ ಚಿತ್ರದಲ್ಲಿ ಅರ್ಧ ಭಾಗ ನೆರಳೇ ಇರುತ್ತದೆ, ಪೇಪರ್ ನುಂಗೋದು ಮೊದಲು ಅದನ್ನೇ. ಆ 4,200 ಈಗಲೂ ಮಂಚದ ಕೆಳಗಿದೆ.

ಗಾಜುಗಾರ:
16,500 ಕೊಟ್ಟು ಸ್ಕ್ರೀನ್ ಮಂಕು ಮಾಡಿಕೊಂಡಿದ್ದೀರಿ. ನನ್ನ ಗಾಜಿಗೆ ನಕ್ಕವರು ಇದಕ್ಕೂ ನಗಬೇಕು ತಾನೇ?

ಅಚ್ಚಿನಮನೆ:
ನಿಮ್ಮ ಗಾಜಿಗೆ ನಕ್ಕಿದ್ದು ನಾನಲ್ಲ ರೀ. ಮೇಲೆ ಓದಿಕೊಂಡು ಬನ್ನಿ.

ಸಂಸೆದಾರಿ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಹುಲ್ಲು ಪ್ಲಾಸ್ಟಿಕ್ ಆಗದ ಹಾಗೆ ಏನು ಮಾಡಲಿ?

ಅಚ್ಚಿನಮನೆ:
ಸ್ಯಾಚುರೇಶನ್ ಬಿಡಿ. ಹಸಿರನ್ನು ಸ್ವಲ್ಪ ಹಳದಿ ಕಡೆ ತಿರುಗಿಸಿ, ಸ್ಯಾಚುರೇಶನ್ ಬದಲು ಅದರ ಹೊಳಪನ್ನೇ ಇಳಿಸಿ. ಆಕಾಶಕ್ಕೆ ಬೇರೆ ಮಾಸ್ಕ್. ನಿಮ್ಮ 24 ಮೆಗಾಪಿಕ್ಸೆಲ್ ಚಿತ್ರದ ಉದ್ದದ ಬದಿಯ 6000 ಪಿಕ್ಸೆಲ್ 30 ಇಂಚಿಗೆ ಹರಡಿದರೆ ಇಂಚಿಗೆ 200, ಗೋಡೆಗೆ ಧಾರಾಳ. ಮೊದಲು ಅದೇ ಪೇಪರ್‌ನಲ್ಲಿ 8×12 ತೆಗೆಸಿ ನೋಡಿ.

ಕೆಂಪುದೀಪ:
ಬಣ್ಣ ಯಾಕೆ? ಕಪ್ಪು ಬಿಳುಪು ಮಾಡಿ, ಮುಗೀತು.

ಹೊಸಪೇಟೆಯವ:
ಮಳೆಗಾಲದ ಘಟ್ಟಕ್ಕೆ ಕಪ್ಪು ಬಿಳುಪಾ! ಹಾಗಾದರೆ ಹತ್ತಿದ್ದಾದರೂ ಯಾಕೆ?

ಕೆಂಪುದೀಪ:
ನೀವು ನೆರಳು ಅಳೆಯುತ್ತಾ ಇರಿ ಸ್ವಾಮಿ.