ಮಳೆಗಾಲದಲ್ಲಿ ಮರಿಗಳು ಚಿಪ್ಪಿನೊಳಗೇ ಸಾಯುತ್ತಿವೆ, ಮಕ್ಕಳ ಪಾಠವೂ ಇದರ ಮೇಲೇ ನಡೆದಿದೆ

ಮುಳಶಿ_ಹಿತ್ತಲು

ಎಲ್ಲರಿಗೂ ನಮಸ್ಕಾರ. ಪುಣೆ ಪಕ್ಕದ ಮುಳಶಿ ತಾಲ್ಲೂಕು, 12 ಗುಂಟೆ ಜಾಗ. ಹತ್ತು ಜವಾರಿ ಹೇಂಟೆ, ಒಂದು ಹುಂಜ, ಎರಡು ಆಡು, ಒಂದಿಷ್ಟು ಕಾಯಿಪಲ್ಲೆ ಮಡಿ. ಮಕ್ಕಳಿಗೆ (9 ಮತ್ತು 12 ವರ್ಷ) ಮನೆಯಲ್ಲೇ ಪಾಠ.

ಫ್ಯಾನ್ ಇರುವ ಇನ್‌ಕ್ಯುಬೇಟರಿನಲ್ಲಿ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ) ಜುಲೈ ತಿಂಗಳು 20 ಮೊಟ್ಟೆ ಇಟ್ಟು ಬಂದದ್ದು 7 ಮರಿ. 23ನೇ ದಿನ ಉಳಿದವನ್ನು ಒಡೆದರೆ 3ರಲ್ಲಿ ಏನೂ ಬೆಳೆದಿಲ್ಲ. 10ರಲ್ಲಿ ಪೂರ್ತಿ ಬೆಳೆದ ಮರಿ, ಒದ್ದೆಮುದ್ದೆ, ಚಿಪ್ಪಿಗೆ ಒಂದು ಬಿರುಕೂ ಇಲ್ಲ. ಉಷ್ಣತೆ 37.5 ಡಿಗ್ರಿ. ಕೈಪಿಡಿಯಲ್ಲಿದ್ದಂತೆ ನೀರಿನ ತೊಟ್ಟಿ ಮೊದಲ ದಿನದಿಂದ ತುಂಬಿಯೇ ಇತ್ತು. ತಪ್ಪು ಎಲ್ಲಿ? ಮತ್ತೆ ಇಡುವಾಗ ಇದನ್ನೇ ಮಕ್ಕಳ ಪಾಠ ಮಾಡುವುದು ಹೇಗೆ?

ಕಾವುಬುಟ್ಟಿ

ಅಕ್ಕಾ, ತಪ್ಪು ಆ ತೊಟ್ಟಿಯ ನೀರಿನದು.

ಕಾವಿಗೆ ಇಟ್ಟ ದಿನದಿಂದ 18ನೇ ದಿನದೊಳಗೆ ಮೊಟ್ಟೆ ತನ್ನ ತೂಕದ ಶೇ. 12ರಿಂದ 14ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು. ಆ ನೀರು ಹೋದ ಜಾಗದಲ್ಲೇ ದಪ್ಪ ತುದಿಯ ಗಾಳಿಕೋಶ ದೊಡ್ಡದಾಗುವುದು. 19–20ನೇ ದಿನ ಮರಿ ಮೊದಲು ಚಿಪ್ಪು ಒಡೆಯುವುದಿಲ್ಲ, ಒಳಪೊರೆ ಚುಚ್ಚಿ ಈ ಕೋಶದ ಗಾಳಿಯಲ್ಲಿ ಮೊದಲ ಉಸಿರು ತೆಗೆಯುತ್ತದೆ. ನೀರು ಹೋಗದಿದ್ದರೆ ಕೋಶ ಚಿಕ್ಕದು, ಮರಿಯೂ ಉಬ್ಬಿರುತ್ತದೆ, ತಿರುಗಲು ಜಾಗವಿಲ್ಲ. ನೀವು ಕಂಡ ಒದ್ದೆಮುದ್ದೆ ಮರಿಗಳ ಕಥೆ ಅದು.

ಈಗ ಲೆಕ್ಕ ನೋಡಿ. ಮಳೆಗಾಲದ ಕೋಣೆಯಲ್ಲಿ 25 ಡಿಗ್ರಿ, ತೇವಾಂಶ ಶೇ. 90. ಅದೇ ಗಾಳಿ ಪೆಟ್ಟಿಗೆಯೊಳಗೆ ಹೋಗಿ 37.5ಕ್ಕೆ ಬಿಸಿಯಾದರೆ ಹನಿ ನೀರು ಹಾಕದೆಯೂ ತೇವಾಂಶ ಸುಮಾರು ಶೇ. 44 ಇರುತ್ತದೆ. ಇದರ ಮೇಲೆ ತೊಟ್ಟಿ ತುಂಬಿದರೆ 60 ದಾಟುತ್ತದೆ. ಏಪ್ರಿಲ್ ಬಿಸಿಲಲ್ಲಿ ಕೈಪಿಡಿಯ ಮಾತು ಸರಿ, ಜುಲೈನಲ್ಲಿ ಅಲ್ಲ. ಹಾಗಾಗಿ 18ನೇ ದಿನದವರೆಗೆ ತೊಟ್ಟಿ ಒಣಗಿರಲಿ, ಗಾಳಿಯ ತೂತು ಪೂರ್ತಿ ತೆರೆದಿರಲಿ.

ಪೆಟ್ಟಿಗೆಯ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮಾಪಕ) ಮೇಲೆ ಕುರುಡು ನಂಬಿಕೆ ಬೇಡ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ನಾಲ್ಕಾರು ಹನಿ ನೀರು ಬಿಡಿ. ಉಪ್ಪು ಕರಗಬಾರದು. ಅದನ್ನೂ ಹೈಗ್ರೋಮೀಟರನ್ನೂ ಜಿಪ್ ಚೀಲದಲ್ಲಿ ಮುಚ್ಚಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ 75 ತೋರಿಸಬೇಕು. 81 ತೋರಿಸಿದರೆ ಆಮೇಲೆ ಪ್ರತಿ ಸಲ 6 ಕಳೆದು ಓದಿ.

ಅದಕ್ಕಿಂತ ನಂಬಬಹುದಾದದ್ದು ತಕ್ಕಡಿ. ಅಡುಗೆಮನೆಯ 1 ಗ್ರಾಂ ತಕ್ಕಡಿ ಸಾಲದು, ಅಕ್ಕಸಾಲಿಗರು ಬಳಸುವ 0.1 ಗ್ರಾಂ ತೋರಿಸುವ ಚಿಕ್ಕದು ಬೇಕು. 50 ಗ್ರಾಂ ಮೊಟ್ಟೆಗೆ ಶೇ. 13 ಎಂದು ಹಿಡಿದರೆ 6ನೇ ದಿನ 47.8, 12ನೇ ದಿನ 45.7, 18ನೇ ದಿನ 43.5 ಗ್ರಾಂ ಇರಬೇಕು. 12ನೇ ದಿನ ಇನ್ನೂ 47 ತೋರಿಸಿದರೆ ಒಳಗೆ ತೇವ ಹೆಚ್ಚು; ಪೆಟ್ಟಿಗೆಯನ್ನು ಮನೆಯ ಅತಿ ಒಣ ಕೋಣೆಗೆ, ಒಲೆ ಉರಿಯುವ ಬದಿಗೆ ಸಾಗಿಸಿ. 44ಕ್ಕೆ ಇಳಿದಿದ್ದರೆ ಅತಿಯಾಗಿ ಒಣಗುತ್ತಿದೆ, ಆಗ ಸ್ವಲ್ಪ ನೀರು.

18ನೇ ದಿನದಿಂದ ಮಾತ್ರ ಮೊಟ್ಟೆ ತಿರುಗಿಸುವುದು ನಿಲ್ಲಿಸಿ, ಉಗುರುಬೆಚ್ಚಗಿನ ನೀರು ಹಾಕಿ ತೇವಾಂಶವನ್ನು ಶೇ. 65–70ಕ್ಕೆ ಏರಿಸಿ. ಚಿಪ್ಪು ಬಿರಿಯುವಾಗ ಪೊರೆ ಒಣಗಬಾರದು.

ಜವಾರಿ_ಗೂಡು

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಕೊನೆಯ ಮೂರು ದಿನದ ಬಗ್ಗೆ ಮಾತ್ರ ಒತ್ತಿ ಹೇಳಬೇಕು: ಮುಚ್ಚಳ ತೆರೆಯಲೇಬೇಡಿ. ಒಂದು ಮರಿ ಹೊರಬಂದು ಕಿಚಿಪಿಚಿ ಅಂದರೆ ಮಕ್ಕಳ ಕೈ ಮುಚ್ಚಳಕ್ಕೆ ಹೋಗುತ್ತದೆ. ತೆರೆದ ಕ್ಷಣ ತೇವ ಹಾರಿಹೋಗಿ ಅರ್ಧ ಬಿರಿದ ಮೊಟ್ಟೆಯ ಪೊರೆ ಮರಿಯ ಮೈಗೆ ಅಂಟು ಹಾಕಿದಂತೆ ಕೂರುತ್ತದೆ. ಹೊರಬಂದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಭಾಗ ಉಳಿದಿರುತ್ತದೆ, 24 ಗಂಟೆ ನೀರು–ಕಾಳು ಇಲ್ಲದೆ ಆರಾಮಾಗಿರುತ್ತದೆ.

ಕರೆಂಟು ಹೋದರೆ ಗಾಬರಿ ಬೇಡ. ಗಾಳಿಯ ತೂತು ಬಿಟ್ಟು ಕಂಬಳಿ ಹೊದಿಸಿ. ಒಂದೆರಡು ಗಂಟೆಯಲ್ಲಿ ಕೆಡುವುದಿಲ್ಲ, ಮರಿ ಬರುವುದು ಸ್ವಲ್ಪ ತಡವಾದೀತು.

ಮೊಟ್ಟೆ ಆರಿಸುವಾಗ ವಾರದೊಳಗಿನದನ್ನೇ ತೆಗೆದುಕೊಳ್ಳಿ, ಚೂಪು ತುದಿ ಕೆಳಗೆ ಮಾಡಿ ಇಡಿ. ಮಳೆಗಾಲದಲ್ಲಿ ಕೆಸರು ಮೆತ್ತಿದ ಮೊಟ್ಟೆಯನ್ನು ತೊಳೆದು ಇಡುವುದು ದೊಡ್ಡ ತಪ್ಪು. ಮೇಲಿನ ರಕ್ಷಣೆಯ ಪದರ ಹೋಗಿ ರಂಧ್ರಗಳಿಂದ ಕೊಳೆ ಒಳಗಿಳಿಯುತ್ತದೆ. ಅದನ್ನು ಅಡುಗೆಗೆ ಬಳಸಿಬಿಡಿ.

ಇಲ್ಲಿನ ಮರಾಠಿ ಮಂದಿ ಖುಡೂಕ್ ಅನ್ನುವ, ಕಾವಿಗೆ ಕೂತ ಹೇಂಟೆ ಸಿಕ್ಕರೆ ಅವಳ ಕೆಳಗೆ 10–12 ಮೊಟ್ಟೆ ಇಡಿ. ಅವಳಷ್ಟು ಚೆನ್ನಾಗಿ ಈ ಲೆಕ್ಕ ಯಾವ ಪೆಟ್ಟಿಗೆಗೂ ಬರುವುದಿಲ್ಲ.

ಪಾಟಿಪುಸ್ತಕ_ಪುಣೆ

ಪಾಠದ ಕಡೆಗೆ ಬರುತ್ತೇನೆ.

9 ವರ್ಷದವರಿಗೆ ಕ್ಯಾಲೆಂಡರಿನಲ್ಲಿ 21 ದಿನ ಎಣಿಸುವುದು, ದಿನಕ್ಕೆ ಮೂರು ಸಲ ತಿರುಗಿಸಿ ಗುರುತು ಹಾಕುವುದು, 7, 14, 18ನೇ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ಗಾಳಿಕೋಶದ ಅಂಚಿಗೆ ಚಿಪ್ಪಿನ ಮೇಲೇ ಗೆರೆ ಎಳೆಯುವುದು. 7ನೇ ದಿನ ಜೇಡದ ಕಾಲಿನಂತೆ ರಕ್ತನಾಳ ಕಾಣದಿದ್ದರೆ ಅದು ಬರಿದು ಮೊಟ್ಟೆ, ತೆಗೆದುಬಿಡಿ.

12 ವರ್ಷದವರಿಗೆ ತೂಕದ ಗ್ರಾಫ್. ಮೊದಲೇ ಶೇ. 13ರ ಗೆರೆ ಎಳೆದಿಟ್ಟು, ನಿಜವಾದ ತೂಕವನ್ನು ಅದರ ಪಕ್ಕ ಚುಕ್ಕೆ ಇಡಿಸಿ. ಶೇಕಡಾ, ಸರಾಸರಿ, ಆವಿಯಾಗುವಿಕೆ ಮೂರೂ ಒಂದೇ ಹಾಳೆಯಲ್ಲಿ ಬರುತ್ತವೆ. ದಿನಚರಿ ಕನ್ನಡದಲ್ಲೇ ಬರೆಸಿ. ಸುತ್ತ ಮರಾಠಿ, ಪುಸ್ತಕ ಇಂಗ್ಲಿಷ್ ಇರುವ ಮನೆಯಲ್ಲಿ ಮಕ್ಕಳು ಕನ್ನಡ ವಾಕ್ಯ ಕಟ್ಟುವ ಜಾಗಗಳು ಕಡಿಮೆ.

ಪ್ರಮಾಣಪತ್ರದ ಚಿಂತೆಯಿದ್ದರೆ: ಎನ್‌ಐಒಎಸ್‌ನ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಹಂತಗಳು 3, 5, 8ನೇ ತರಗತಿಗೆ ಸಮ. ಹತ್ತನೆಯದಕ್ಕೆ 14 ವರ್ಷ ತುಂಬಿರಬೇಕು, ಕನಿಷ್ಠ ಐದು ವಿಷಯ. ಅದರಲ್ಲಿ ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ದೊಡ್ಡ ಮಗುವಿಗೆ ಈಗಿನಿಂದಲೇ ಕನ್ನಡ ಬರವಣಿಗೆ ರೂಢಿ ಮಾಡಿಸಿ.

ಮುಳಶಿ_ಹಿತ್ತಲು

ತುಂಬಾ ಉಪಕಾರ. ತೊಟ್ಟಿ ಈಗಲೇ ಖಾಲಿ ಮಾಡಿದೆ. ಒಡೆದು ನೋಡಿದ ಮೊಟ್ಟೆಗಳನ್ನು ಕಾಂಪೋಸ್ಟ್ ಗುಂಡಿಗೆ ಹಾಕಬಹುದೇ? ಮೊಟ್ಟೆಗಳಿಗೆ ಸಂಖ್ಯೆ ಬರೆಯಲು ಮಾರ್ಕರ್ ನಡೆಯುತ್ತದೆಯೇ?

ಕಾವುಬುಟ್ಟಿ

ಗುಂಡಿಗೆ ಬೇಡ ಅಕ್ಕಾ, ನಾಯಿ, ಮುಂಗುಸಿ ವಾಸನೆ ಹಿಡಿದು ಬಂದು ಗೂಡಿನ ದಾರಿಯನ್ನೂ ಕಲಿಯುತ್ತವೆ. ಬಾಳೆ ಬುಡದಿಂದ ಮೊಳ ದೂರದಲ್ಲಿ ಎರಡು ಅಡಿ ಆಳಕ್ಕೆ ಹೂತು ಮೇಲೆ ಕಲ್ಲು ಇಡಿ. ಮರಿಗಳ ಕೆಳಗಿನ ಭತ್ತದ ಹೊಟ್ಟು ಮಾತ್ರ ಕಾಂಪೋಸ್ಟಿಗೆ, ಎರಡು ತಿಂಗಳು ಕಳಿಯಲಿ. ಹಸಿ ಕೋಳಿಗೊಬ್ಬರ ಬೇರು ಸುಡುತ್ತದೆ. ಈಗ ಹಾಕಿದ್ದು ಅಕ್ಟೋಬರಿನ ಟೊಮೆಟೊ ಮಡಿಗೆ ಸರಿಯಾಗುತ್ತದೆ.

ಸಂಖ್ಯೆಗೆ ಮೆತ್ತನೆಯ ಪೆನ್ಸಿಲ್ ಸಾಕು. ಚಿಪ್ಪಿನ ರಂಧ್ರಗಳೊಳಗೆ ಮಾರ್ಕರಿನ ಶಾಯಿ ಇಳಿಯುತ್ತದೆ. ಒಂದು ಬದಿಗೆ ಸಂಖ್ಯೆ, ಇನ್ನೊಂದು ಬದಿಗೆ ಅಡ್ಡಗೆರೆ ಹಾಕಿಸಿ, ಯಾವುದು ತಿರುಗಿದೆ ಯಾವುದು ಇಲ್ಲ ಎಂದು ಚಿಕ್ಕವರಿಗೂ ತಿಳಿಯುತ್ತದೆ.