ಕೊರಿಯಾದಕಿ ಜಪಾನಿ ಭಾಷಾದಾಗ ಯಾಕ ಹಾಡ್ಯಾಳ? ಗ್ಯಾದರಿಂಗ್ ಡಾನ್ಸಿಗೆ ಬೇಕಾಗ್ಯಾದ, ಹೇಳ್ರಿ

ಕಲಬುರಗಿ ಹುಡುಗಿ:
ನಮಸ್ಕಾರ್ರಿ ಎಲ್ಲಾರಿಗೂ. ನಾವು ನಾಲ್ಕು ಗೆಳತ್ಯಾರು ಕಾಲೇಜ್ ಗ್ಯಾದರಿಂಗಿಗೆ ಕೊರಿಯಾದ ಹಾಡುಗಾರ್ತಿ ಬೋಆ ಅನ್ನಾಕಿ 'ವ್ಯಾಲೆಂಟಿ' ಹಾಡಿಗೆ ಡಾನ್ಸ್ ಮಾಡ್ಲತ್ತೀವಿ, ಸೂಪರ್ ಮಾರ್ಕೆಟ್ ಹತ್ರ ಒಬ್ಬಾಕಿ ಮನಿ ಮಾಳಗಿ ಮ್ಯಾಲೆ ಹೊತ್ತು ಮುಳುಗಿದ ಮ್ಯಾಲೆ ಪ್ರಾಕ್ಟೀಸ್, ಅದಕ್ಕಿಂತ ಮೊದ್ಲು ಮಾಳಗಿ ಮ್ಯಾಲೆ ಕಾಲಿಡ್ಲಾಕ ಆಗಲ್ಲ. ನಾ ಇಷ್ಟ್ ದಿನ ಅದು ಕೊರಿಯನ್ ಹಾಡು ಅಂತ್ಲೇ ತಿಳ್ಕೊಂಡಿದ್ದೆ, ಮೊನ್ನೆ ನೋಡಿದ್ರ ಜಪಾನಿ ಅಂತ, ಮತ್ತ ಕೊರಿಯನ್ನಾಗೂ ಒಂದದ. ಯಾವ್ದು ಮೊದ್ಲಿಂದು? ನಮ್ಮಣ್ಣ ಅಂತಾನ, ತನ್ನ ಭಾಷಾ ಬಿಟ್ಟು ಹಾಡೋದು ಬರೇ ರೊಕ್ಕಕ್ಕ ಅಂತ, ನಂಗ ಆ ಮಾತು ಮನಸಿಗೆ ಹತ್ತಿಲ್ಲ. ಇನ್ನೊಂದು, ಬಾಯಿ ಸರಿಯಾಗಿ ಆಡಿಸ್ಬೇಕಂದ್ರ ಪದ ಹ್ಯಾಂಗ ಕಲೀಬೇಕ್ರಿ?

ಬೀದರ್ ಅಕ್ಕ:
ತಂಗಿ, ಜಪಾನಿ ಹಾಡೇ ಮೊದ್ಲು. 2002ರ ಆಗಸ್ಟಿನಾಗ ಸಿಂಗಲ್ ಬಂತು, ಅಲ್ಲಿ ಯಾವ ಹಾಡು ಎಷ್ಟು ಮಾರ್ಯಾದ ಅಂತ ಲೆಕ್ಕ ಹಾಕೋ ಓರಿಕಾನ್ ಚಾರ್ಟಿನಾಗ ಎರಡನೇ ನಂಬರ್ ತನಕ ಹೋಗಿತ್ತು, ಕೊರಿಯನ್ದು ಅದರ ಹಿಂದಿಂದ ಬಂದಿದ್ದು. ಆಗ ಅಕಿಗಿ ಇನ್ನಾ 15 ವರ್ಷ! 13 ವರ್ಷಕ್ಕ ಕೊರಿಯಾದಾಗ ಶುರು ಮಾಡಿ, ಮುಂದಿನ ವರ್ಷ ಜಪಾನಿಗೆ ಹೋಗಿ, 2002ರ ಮಾರ್ಚಿನಾಗ ಅಕಿ ಮೊದಲ್ನೇ ಜಪಾನಿ ಆಲ್ಬಮ್ ಓರಿಕಾನಿನಾಗ ಒಂದನೇ ನಂಬರ್ ಆಯ್ತು, ಕೊರಿಯಾದವ್ರು ಯಾರೂ ಅಲ್ಲಿ ಮೊದ್ಲು ಅಷ್ಟು ಮಾಡಿದ್ದಿಲ್ಲ. ಇನ್ನೊಂದು ಮಾತು ತಿಳ್ಕೋ, ಆಗ ಕೊರಿಯಾದಾಗ ಜಪಾನಿ ಭಾಷಾದ ಹಾಡಿನ ಸಿಡಿ ಮಾರಲಿಕ್ಕೆ ಪರವಾನಗಿನೇ ಇದ್ದಿಲ್ಲ, 2004ರಾಗ ಸಿಕ್ತು. ಹಿಂದ ಜಪಾನಿನವ್ರು ಕೊರಿಯಾ ಆಳಿದ್ದ ನೋವು ಅದು. ಅಂಥಾದ್ರಾಗ ಒಬ್ಬ ಸಣ್ಣ ಹುಡುಗಿ ಆ ಭಾಷಾ ಕಲ್ತು ಅಲ್ಲಿ ಮಂದಿ ಮುಂದ ನಿಂತು ಹಾಡಿದಳು.

ರೊಕ್ಕ ಅದರಿ, ಇಲ್ಲಂತಲ್ಲ. ಅಮೇರಿಕಾ ಬಿಟ್ರ ಹಾಡಿನ ದೊಡ್ಡ ಮಾರ್ಕೆಟ್ ಜಪಾನೇ. ಆದ್ರ ನಮ್ಮ ರಾಜಕುಮಾರ್ ಅವ್ರಿಗಿ ದನಿ ಆಗಿದ್ದ ಪಿ.ಬಿ. ಶ್ರೀನಿವಾಸ್ ಆಂಧ್ರದ ಕಾಕಿನಾಡದಾಗ ಹುಟ್ಟಿದವ್ರು, ಅವ್ರ ಕನ್ನಡ ಕೇಳಿ ರೊಕ್ಕಕ್ಕ ಹಾಡ್ಯಾರ ಅಂತ ಯಾರರ ಅಂತಾರೇನು? ನಿಮ್ಮಣ್ಣಗ ಇದನ್ನ ಕೇಳು.

ಯಾದಗಿರಿ ಮಾಸ್ತರ:
ನಾ ಕನ್ನಡ ಪಾಠ ಹೇಳಾಂವ, ನಮ್ಮ ಮಗಳ ಸಲುವಾಗಿ ಜಪಾನಿ ಅಕ್ಷರ ಸ್ವಲ್ಪ ಕಲ್ತೀನಿ. ತಂಗಿ, ನೀ ಹೆದರಬ್ಯಾಡ, ನಮ್ಮ ಬಾಯಿಗಿ ಆ ಭಾಷಾ ಭಾಳ ಹತ್ರದ್ದು. ನಾವು ಬಸ್ಸು ಅಂತೀವಿ, ಅವ್ರು ಬಸು. ಹೋಟೆಲಿಗೆ ಹೊತೆರು. ಪದ ಸ್ವರದ ಮ್ಯಾಲೇ ನಿಲ್ತದ, ಇಲ್ಲಾ 'ನ್' ಮ್ಯಾಲೆ, ಬ್ಯಾರೆ ವ್ಯಂಜನದ ಮ್ಯಾಲೆ ನಿಲ್ಲಂಗಿಲ್ಲ. ಕೊರಿಯನ್ನಾಗ ಹಂಗಲ್ಲ, ಅನ್ನಕ್ಕ ಬಾಪ್ ಅಂತಾರ, ತುಟಿ ಮುಚ್ಚೇ ಬಿಡ್ತದ. ಅದಕ್ಕೇ ಅದೇ ಧಾಟಿ ಇದ್ರೂ ಎರಡೂ ಹಾಡಿನಾಗ ಬಾಯಿ ಬ್ಯಾರೆ ಬ್ಯಾರೆ ಆಡ್ತದ, ಒಂದರ ಪದ ಕಲ್ತು ಇನ್ನೊಂದಕ್ಕ ಕುಣದ್ರ ವಿಡಿಯೋದಾಗ ಗೊತ್ತಾಗ್ತದ.

ಸಾಲ್ಯಾಗ ಲಘು ಗುರು ಹಾಕಿದ್ದು ನೆನಪದ ಏನು? ಅದೇ ಇಲ್ಲಿ ಬರ್ತದ ನೋಡು. ಜಪಾನಕ್ಕ ಅವ್ರು 'ನಿಪ್ಪೊನ್' ಅಂತಾರ. ನಮ್ಮ ಲೆಕ್ಕದಾಗ ನಿಪ್ ಗುರು, ಪೊನ್ ಗುರು, ನಾಲ್ಕು ಮಾತ್ರೆ. ಅವ್ರೂ ನಾಲ್ಕೇ ಎಣಸ್ತಾರ! ನಾ ಇದನ್ನ ಮೊದ್ಲು ನೋಡಿದ ದಿನ ರಾತ್ರಿ ನಿದ್ದಿ ಬರ್ಲಿಲ್ಲ. ಹಾಡಿನ ಪದ ಕನ್ನಡ ಅಕ್ಷರದಾಗ ಬರ್ಕೊ, ಒಂದೊಂದು ಮಾತ್ರೆಗೆ ಒಂದು ಚಪ್ಪಾಳಿ ಹೊಡಿ, ಒತ್ತು ಬಂದಲ್ಲಿ ಒಂದು ಚಪ್ಪಾಳಿ ತಡದು ಮುಂದ ಹೋಗು. ಆಮ್ಯಾಲೆ ಕಾಲು ಸೇರ್ಸು.

ಕಲಬುರಗಿ ಹುಡುಗಿ:
ಸರ್, ನಿನ್ನೆ ಚಪ್ಪಾಳಿ ಹೊಡದು ಮಾಡಿದ್ವಿ, ಮೊದಲ್ನೇ ನುಡಿ ನಾಲ್ಕೂ ಮಂದಿದು ಕೂಡಿ ಬಂತು. ಅಕ್ಕಾ, ಅಣ್ಣಗ ಪಿ.ಬಿ. ಶ್ರೀನಿವಾಸ್ ಮಾತು ಹೇಳ್ದೆ, ಸುಮ್ಮನ ಕುಂತು ಹಾಡು ಪೂರಾ ಕೇಳ್ದ. ನಾಳಿಗಿ ಸ್ಪೀಕರ್ ತಾನೇ ಹೊತ್ಕೊಂಡು ಮಾಳಗಿಗೆ ಬರ್ತೀನಿ ಅಂದಾನ.